ಒಣಗಿದ ಮೇಲೂ ಘಮ ಬಿಡದ ಹೂವು, ಬೇರು: ಮುಂಬಯಿ ಮನೆಗೊಂದು ಪಾಟ್‌ಪುರಿ

ಪಾಟ್‌ಪುರಿ ಅಂದರೆ ಮನೆ ಘಮಘಮ ಅನ್ನಲಿ ಅಂತ ಬಟ್ಟಲಲ್ಲಿಡುವ ಒಣ ಮಿಶ್ರಣ. ಅಂಗಡಿಯಲ್ಲಿ ಸಿಗುವ ಪಾಟ್‌ಪುರಿ ಪ್ಯಾಕೆಟ್ ಬಿಚ್ಚಿ ನೋಡಿ. ಬಹಳಷ್ಟರಲ್ಲಿ ಇರುವುದು ಮರದ ಚೂರು, ಒಣಕಾಯಿ, ಬಣ್ಣ ಹಾಕಿದ ಎಲೆ. ವಾಸನೆಯೆಲ್ಲ ಮೇಲೆ ಚಿಮುಕಿಸಿದ ಎಣ್ಣೆಯದು. ಅದು ಹಾರಿಹೋಯಿತೋ, ಬಟ್ಟಲಲ್ಲಿ ಉಳಿಯುವುದು ಬರೀ ಕಸ. ನಾನು ಹೇಳುತ್ತಿರುವುದು ಅದಲ್ಲ. ತಮ್ಮದೇ ಘಮ ಇರುವ ಹೂವು, ಎಲೆ, ಸಿಪ್ಪೆ, ಬೇರುಗಳನ್ನು ಒಣಗಿಸಿ, ಬೆರೆಸಿ, ಕೆಲವು ವಾರ ಮಾಗಿಸಿ ಇಡುವುದು. ಡೊಂಬಿವಲಿಯ ನಮ್ಮ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಪಿಂಗಾಣಿ ಬಟ್ಟಲಿನಲ್ಲಿ ಇದು ಇರುತ್ತದೆ. ಬಂದವರು ಮೊದಲು ಕೇಳುವುದೇ, 'ಏನಿದು ವಾಸನೆ, ಊದುಬತ್ತಿ ಹಚ್ಚಿದ್ದೀರಾ?' ಅಂತ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು ಒಂದೇ. ಹಸಿ ಇದ್ದಾಗ ಘಮಘಮ ಅನ್ನುವುದೆಲ್ಲ ಒಣಗಿದ ಮೇಲೆ ಘಮ ಉಳಿಸಿಕೊಳ್ಳುವುದಿಲ್ಲ. ಮಲ್ಲಿಗೆಯನ್ನೇ ನೋಡಿ. ಅರಳುವ ಹೊತ್ತಿಗೆ ಮನೆಯೆಲ್ಲ ತುಂಬುತ್ತದೆ, ಒಣಗಿದರೆ ಕಂದು ಬಣ್ಣ ಬಿಟ್ಟರೆ ಏನೂ ಇಲ್ಲ. ಸುಗಂಧರಾಜನದೂ ಅದೇ ಕಥೆ. ಚೆಂಡುಹೂವು ಒಣಗಿದರೂ ಬಣ್ಣ ಬಿಡುವುದಿಲ್ಲ, ಹಾಗಾಗಿ ಅದನ್ನು ಚಂದಕ್ಕೆ ಮಾತ್ರ ಹಾಕಿ. ದಸರಾ ಹೊತ್ತಿಗೆ ಇಲ್ಲಿ ರಸ್ತೆ ರಸ್ತೆಯಲ್ಲೂ ರಾಶಿ ಬಿದ್ದಿರುತ್ತದಲ್ವಾ, ಆಗಲೇ ನಾಲ್ಕು ಹಿಡಿ ಎಸಳು ಬಿಡಿಸಿ ಒಣಗಿಸಿಟ್ಟುಕೊಳ್ಳಿ.

ಒಣಗಿದ ಮೇಲೂ ಘಮ ಬಿಡದ ಹೂವು ಅಂದರೆ ರಂಜೆ. ಕೆಲವರು ಬಕುಳ ಅನ್ನುತ್ತಾರೆ. ಮುಂಬಯಿಯಲ್ಲಿ ಎಷ್ಟೋ ರಸ್ತೆಗಳ ಬದಿಗೆ, ಸೊಸೈಟಿ ಕಂಪೌಂಡುಗಳಲ್ಲಿ ಇದರ ಮರ ಇದೆ, ಜನ ತಲೆ ಎತ್ತಿ ನೋಡುವುದಿಲ್ಲ ಅಷ್ಟೆ. ಬೇಸಿಗೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ನೆಲದ ಮೇಲೆ ಉದುರಿರುತ್ತದೆ. ಕಸ ಗುಡಿಸುವವರು ಬರುವ ಮೊದಲೇ ಆರಿಸಬೇಕು. ಉಗುರಿನಷ್ಟು ಚಿಕ್ಕ ಹೂವು, ಕೆನೆ ಬಣ್ಣದ ನಕ್ಷತ್ರ, ನಡುವೆ ತೂತು. ಆ ತೂತಿನಲ್ಲೇ ದಾರ ಪೋಣಿಸಿ, ಮೊಳೆಗೆ ತೂಗುಹಾಕಿ ಒಣಗಿಸಬಹುದು. ಒಣಗುತ್ತಾ ಬೂದುಗಂದು ಬಣ್ಣಕ್ಕೆ ತಿರುಗುತ್ತದೆ, ವಾಸನೆ ಮಾತ್ರ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ನಮ್ಮ ಕುಮಟೆ ಕಡೆಯ ಸುರಗಿಯೂ ಇದೇ ಗುಣದ್ದು. ಊರಿಂದ ಯಾರಾದರೂ ಬರುವವರಿದ್ದರೆ ಬಾಳೆಕಾಯಿ ಚಿಪ್ಸಿನ ಬದಲು ಒಂದು ಒಣ ಸುರಗಿ ದಂಡೆ ತನ್ನಿ ಅಂತ ನಾನು ಸಂಕೋಚವಿಲ್ಲದೆ ಹೇಳುತ್ತೇನೆ.

ಗುಲಾಬಿ ಬೇಕೇ ಬೇಕು. ಆದರೆ ಉದ್ದ ಕಾಂಡದ, ಸೆಲ್ಲೋಫೇನ್ ಸುತ್ತಿದ ಗುಲಾಬಿ ಬೇಡ, ಅದರಲ್ಲಿ ವಾಸನೆಯೇ ಇರುವುದಿಲ್ಲ. ದಾದರ್ ಹೂವಿನ ಮಾರ್ಕೆಟ್‌ನಲ್ಲಿ ಗಾವ್ಠಿ ಗುಲಾಬ್ (ನಾಟಿ ಗುಲಾಬಿ) ಅಂತ ಕೇಳಿ. ಬಿಡಿ ಹೂವು, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. ಒಂದು ಬುಟ್ಟಿ ಎಸಳು ಒಣಗಿದರೆ ಒಂದೆರಡು ಬೊಗಸೆ ಆಗುತ್ತದೆ, ಹಾಗಾಗಿ ಕೈ ಬಿಗಿ ಮಾಡಬೇಡಿ. ಮರುಗ, ದವನಕ್ಕೆ ಮಾಟುಂಗಾ ಪೂರ್ವದ ಹೂವಿನಂಗಡಿಗಳು ವಾಸಿ. ಅಲ್ಲಿನ ಮೈಸೂರು ಅಸೋಸಿಯೇಷನ್‌ನಲ್ಲಿ ಕಾರ್ಯಕ್ರಮ ಇದ್ದ ದಿನ ನಾನು ಬರುವಾಗ ಒಂದೆರಡು ಕಟ್ಟು ತಂದೇ ತರುತ್ತೇನೆ. ದವನ ಚೈತ್ರದ ಸುಮಾರಿಗೆ ಚೆನ್ನಾಗಿ ಸಿಗುತ್ತದೆ. ಒಣಗಿದ ದವನಕ್ಕೆ ಹಣ್ಣಿನ ಹಾಗೆ ಒಂದು ಸಿಹಿ ಘಾಟು ಇರುತ್ತದೆ. ನನಗೆ ಹಸಿ ದವನಕ್ಕಿಂತ ಅದೇ ಇಷ್ಟ. ಇನ್ನು ಮಜ್ಜಿಗೆಹುಲ್ಲು ಇಲ್ಲಿ ತರಕಾರಿಯವರ ಹತ್ತಿರವೇ ಇರುತ್ತದೆ, ಗವತಿ ಚಹಾ ಅಂದರೆ ಕೊಡುತ್ತಾರೆ. ತುಳಸಿ ಮನೆಯದ್ದೇ ಸಾಕು.

ಈಗ ಬೇರಿನ ವಿಷಯ. ಪಾಟ್‌ಪುರಿ ಎರಡೇ ವಾರಕ್ಕೆ ಸಪ್ಪೆಯಾಗುವುದು ಬೇರು ಹಾಕದೇ ಹೋದರೆ. ಹೂವು, ಎಲೆಯಲ್ಲಿರುವ ಎಣ್ಣೆ ತೆಳು, ಬೇಗ ಆವಿಯಾಗುತ್ತದೆ. ಬೇರು ಮತ್ತು ಅಂಟುಗಳಲ್ಲಿರುವುದು ಭಾರ, ನಿಧಾನಕ್ಕೆ ಬಿಡುತ್ತದೆ, ಜೊತೆಗಿದ್ದ ಘಮವನ್ನೂ ಹಿಡಿದಿಡುತ್ತದೆ. ಯುರೋಪಿನಲ್ಲಿ ಇದಕ್ಕೆ ಐರಿಸ್ ಗಿಡದ ಒಣಬೇರು, ಓರಿಸ್ ರೂಟ್, ಬಳಸುತ್ತಾರೆ. ಅದನ್ನು ಹುಡುಕಿಕೊಂಡು ಹೋಗುವ ಅಗತ್ಯವೇ ಇಲ್ಲ. ನಮ್ಮಲ್ಲಿ ಲಾವಂಚ ಇದೆ, ಭದ್ರಮುಷ್ಟಿ ಇದೆ, ಬಜೆ ಇದೆ, ಲೋಬಾನದ (ಸಾಂಬ್ರಾಣಿಯ) ಹರಳಿದೆ. ಎದುರು ಮನೆಯ ಮರಾಠಿ ಆಜಿ ನರಕ ಚತುರ್ದಶಿಯ ಅಭ್ಯಂಗಕ್ಕೆ ಮನೆಯಲ್ಲೇ ಮೈಗೆ ತಿಕ್ಕುವ ಉಟಣೆ ಪುಡಿ ಮಾಡುತ್ತಾರೆ. ಅವರ ಪಟ್ಟಿ ನೋಡಿ: ವಾಳಾ, ನಾಗರಮೋಥಾ, ಕಪೂರ್ ಕಾಚರಿ, ಗುಲಾಬಿ ಎಸಳು, ಗಂಧ. ವಾಳಾ ನಮ್ಮ ಲಾವಂಚ, ನಾಗರಮೋಥಾ ನಮ್ಮ ಭದ್ರಮುಷ್ಟಿ. ಪಾಟ್‌ಪುರಿಗೆ ಬೇಕಾದ ಬೇರುಗಳೆಲ್ಲ ಅದರಲ್ಲೇ ಬಂದವು! ದೀಪಾವಳಿಗೆ ಮುಂಚೆ ಕಾಷ್ಠೌಷಧಿ ಅಂಗಡಿಗಳಲ್ಲಿ ಇವೆಲ್ಲ ಹೊಸ ಮಾಲು ಬಂದಿರುತ್ತದೆ. ಪುಡಿ ಕೊಳ್ಳಬೇಡಿ, ಇಡೀ ಬೇರು ಕೊಳ್ಳಿ. ಮೂಗಿಗೆ ಹಿಡಿದು ನೋಡಿಯೇ ಕೊಳ್ಳಿ. ಒಳ್ಳೆಯ ಲಾವಂಚ ಒದ್ದೆ ಮಣ್ಣಿನ ವಾಸನೆ ಹೊಡೆಯಬೇಕು, ಬರೀ ಧೂಳು ಹೊಡೆದರೆ ಅದು ಹಳೆಯದು.

ಒಣಗಿಸುವುದೇ ನಿಜವಾದ ಕೆಲಸ. ಇಲ್ಲಿಯ ಹವೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉಪ್ಪಿನ ಡಬ್ಬಿಯೇ ನೀರೂರುತ್ತದೆ. ಆ ಕಾಲದಲ್ಲಿ ಹೂವು ಒಣಗುವ ಬದಲು ಬೂಸ್ಟು ಹಿಡಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಬೇಸಿಗೆಯ ರಂಜೆ, ದವನವನ್ನು ಸಿಕ್ಕಾಗಲೇ ಒಣಗಿಸಿ, ಗಾಜಿನ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಎಸಳುಗಳನ್ನು ಮೊರದ ಮೇಲೆ ಹಳೆಯ ಹತ್ತಿ ಬಟ್ಟೆ ಹಾಸಿ, ಒಂದರ ಮೇಲೊಂದು ಬೀಳದಂತೆ ಹರಡಿ. ಫ್ಯಾನಿನ ಕೆಳಗೆ, ನೆರಳಲ್ಲಿ. ಬಿಸಿಲಿಗೆ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣ ಮಾಸುತ್ತದೆ, ಎಣ್ಣೆಯೂ ಹಾರುತ್ತದೆ. ದಿನಕ್ಕೊಮ್ಮೆ ಕೈಯಾಡಿಸಿ. ಮರುಗ, ದವನ, ತುಳಸಿಯನ್ನು ಸಣ್ಣ ಕಟ್ಟು ಮಾಡಿ ತಲೆಕೆಳಗಾಗಿ ತೂಗುಹಾಕಿ. ಕಿತ್ತಳೆ ಸಿಪ್ಪೆಯ ಒಳಗಿನ ಬಿಳಿ ಭಾಗವನ್ನು ಚಮಚದಿಂದ ಕೆರೆದು ತೆಗೆಯಿರಿ, ನೀರು ಉಳಿಯುವುದೇ ಅದರಲ್ಲಿ. ಆಮೇಲೆ ತೆಳ್ಳಗೆ ಸೀಳಿ ಒಣಗಿಸಿ. ನಾಗಪುರ ಸಂತ್ರದ ಸೀಸನ್ನಿನಲ್ಲಿ ಇದನ್ನು ದಂಡಿಯಾಗಿ ಮಾಡಿಟ್ಟುಕೊಳ್ಳಬಹುದು.

ಎಸಳು ಹಿಚುಕಿದರೆ ಹಪ್ಪಳದ ಹಾಗೆ ಪಟ್ ಅಂತ ಮುರಿಯಬೇಕು. ಮಡಚಿದರೆ ಇನ್ನೂ ಒಣಗಿಲ್ಲ. ಅನುಮಾನ ಇದ್ದರೆ ಗಾಜಿನ ಬಾಟಲಿಗೆ ತುಂಬಿ ಮುಚ್ಚಿ ರಾತ್ರಿ ಇಡಿ. ಬೆಳಿಗ್ಗೆ ಒಳಗೋಡೆ ಮಂಜುಗಟ್ಟಿದ್ದರೆ ಮತ್ತೆ ಮೊರಕ್ಕೆ ಹಾಕಿ. ಒಂದೇ ಒಂದು ಹಸಿ ಸಿಪ್ಪೆ ಇಡೀ ಬಾಟಲಿಯನ್ನು ಕೆಡಿಸುತ್ತದೆ. ಈ ಪರೀಕ್ಷೆಯನ್ನು ದಯವಿಟ್ಟು ಬಿಡಬೇಡಿ.

ಬೆರೆಸುವ ಅಳತೆ ಹೇಳುತ್ತೇನೆ. ಎರಡು ಕಪ್ ಒಣ ಗುಲಾಬಿ ಎಸಳು, ಒಂದು ಕಪ್ ರಂಜೆ, ಒಂದು ಕಪ್ ಮರುಗ, ದವನ, ಮಜ್ಜಿಗೆಹುಲ್ಲು ಸೇರಿ, ಅರ್ಧ ಕಪ್ ಕಿತ್ತಳೆ ಸಿಪ್ಪೆ. ಇದಕ್ಕೆ ಎರಡು ಚಕ್ಕೆ ತುಂಡು, ಹದಿನೈದು ಲವಂಗ, ನಾಲ್ಕು ಚಕ್ರಮೊಗ್ಗು, ಕಾಳು ತೆಗೆದ ಏಲಕ್ಕಿ ಸಿಪ್ಪೆ ಒಂದು ಹಿಡಿ. ಮಸಾಲೆಯನ್ನು ಕುಟ್ಟಾಣಿಯಲ್ಲಿ ಒಂದೆರಡು ಪೆಟ್ಟು ಹಾಕಿ ಜಜ್ಜಿ, ಪುಡಿ ಮಾಡಬೇಡಿ. ಬೇರು ನಾಲ್ಕೈದು ದೊಡ್ಡ ಚಮಚ: ಸಣ್ಣಗೆ ಕತ್ತರಿಸಿದ ಲಾವಂಚ, ಜಜ್ಜಿದ ಭದ್ರಮುಷ್ಟಿ, ಒಂದು ಚಮಚ ಲೋಬಾನದ ಚೂರು. ಸುಗಂಧದ ಎಣ್ಣೆ ಹಾಕಲೇಬೇಕು ಅಂತಿಲ್ಲ. ಹಾಕುವುದಾದರೆ ಬೇರಿನ ಮೇಲೆ ಆರೆಂಟು ಹನಿ ಬಿಟ್ಟು, ಹೀರಿಕೊಂಡ ಮೇಲೆ ಉಳಿದದ್ದಕ್ಕೆ ಸೇರಿಸಿ. ಹೂವಿನ ಮೇಲೆ ನೇರವಾಗಿ ಸುರಿದರೆ ಎಸಳು ಮೆತ್ತಗಾಗುತ್ತದೆ.

ಎಲ್ಲವನ್ನೂ ದೊಡ್ಡ ಗಾಜಿನ ಬಾಟಲಿಗೆ ಮುಕ್ಕಾಲು ಭಾಗ ತುಂಬಿ, ಕತ್ತಲೆ ಕಪಾಟಿನಲ್ಲಿ ನಾಲ್ಕರಿಂದ ಆರು ವಾರ ಇಡಿ. ಆಗಾಗ ಅಲ್ಲಾಡಿಸಿ. ಮೊದಮೊದಲು ಲವಂಗವೇ ಮುಂದೆ ಬಂದು ಮೂಗಿಗೆ ಹೊಡೆಯುತ್ತದೆ. ದಿನ ಕಳೆದಂತೆ ಅದು ಹಿಂದೆ ಸರಿದು, ಗುಲಾಬಿ, ರಂಜೆ, ಲಾವಂಚ ಎಲ್ಲ ಸೇರಿ ಒಂದೇ ವಾಸನೆ ಆಗುತ್ತದೆ. ಉಪ್ಪಿನಕಾಯಿ ಹಾಕಿದವರಿಗೆ ಕಾಯುವುದನ್ನು ಹೇಳಿಕೊಡಬೇಕಿಲ್ಲ.

ಬಟ್ಟಲು ಅಗಲವಾಗಿರಲಿ. ಜನ ಓಡಾಡುವ ಕಡೆ, ಬಾಗಿಲ ಹತ್ತಿರ ಇಟ್ಟರೆ ಗಾಳಿ ಅಲ್ಲಾಡಿದಾಗಲೆಲ್ಲ ಘಮ ಏಳುತ್ತದೆ. ಫ್ಯಾನಿನ ನೇರ ಕೆಳಗೆ, ಎಸಿ ಎದುರು, ಬಿಸಿಲು ಬೀಳುವ ಕಿಟಕಿಯಲ್ಲಿ ಬೇಡ. ಬಚ್ಚಲಮನೆಗೂ ಬೇಡ. ಮಳೆಗಾಲದಲ್ಲಿ ನಾನು ಬಟ್ಟಲನ್ನು ದಿನವಿಡೀ ತೆರೆದಿಡುವುದಿಲ್ಲ. ಮುಚ್ಚಳ ಹಾಕಿಟ್ಟು, ಸಂಜೆ ಒಂದೆರಡು ಗಂಟೆ ಮಾತ್ರ ತೆಗೆಯುತ್ತೇನೆ. ಘಮ ಕಮ್ಮಿ ಅನ್ನಿಸಿದರೆ ಕೈಯಿಂದ ಮೆಲ್ಲಗೆ ಹಿಚುಕಿ, ಮಸಾಲೆಯನ್ನು ಮತ್ತೆ ಜಜ್ಜಿ. ಲಾವಂಚವನ್ನು ಬೇರೆ ತೆಗೆದು ನಾಲ್ಕು ಹನಿ ನೀರು ಚಿಮುಕಿಸಿದರೆ ವಾಸನೆ ತಟ್ಟನೆ ಏಳುತ್ತದೆ. ಪೂರ್ತಿ ಒಣಗಿಸಿಯೇ ವಾಪಸ್ ಹಾಕಿ. ಮನೆಯಲ್ಲಿ ಪಸೆ ವಾಸನೆ ಇದ್ದರೆ ಮಾತ್ರ ಮೊದಲು ಕಿಟಕಿ ತೆರೆಯಿರಿ, ಗೋಡೆ ಒರೆಸಿ. ಹೊಲಸು ವಾಸನೆಯ ಮೇಲೆ ಪರಿಮಳ ಹೊದಿಸಿದರೆ ಎರಡೂ ಸೇರಿ ಇನ್ನೂ ಕೆಟ್ಟದಾಗುತ್ತದೆ.

ಇದೇ ಮಿಶ್ರಣವನ್ನು ಹಳೆಯ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ ರೇಷ್ಮೆ ಸೀರೆಗಳ ನಡುವೆ ಇಡಬಹುದು. ಅದಕ್ಕೆ ಬಜೆಯ ತುಂಡೊಂದು ಸೇರಿಸಿ. ಎಣ್ಣೆ ಹಾಕಿದ ಮಿಶ್ರಣವನ್ನು ಸೀರೆಗೆ ತಾಗಿಸಬೇಡಿ, ಕಲೆ ಕೂರುತ್ತದೆ. ಮೀನು ಹುರಿದ ದಿನ ಬಟ್ಟಲು ಸಾಲದು. ಪಾತ್ರೆಯಲ್ಲಿ ನೀರು, ನಿಂಬೆ ಸಿಪ್ಪೆ, ಚಕ್ಕೆ, ಮಜ್ಜಿಗೆಹುಲ್ಲು ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ. ಒಲೆ ಬಿಟ್ಟು ಹೋಗಬೇಡಿ.

ಹುಳದ ಬಗ್ಗೆ ಎಚ್ಚರ ಇರಲಿ. ಒಣ ಹೂವು, ಮಸಾಲೆ ಅಂದರೆ ಸಣ್ಣ ಕಂದು ಜೀರುಂಡೆಗೆ ಹಬ್ಬ. ಅಂಗಡಿಯಿಂದ ತಂದ ಬೇರು, ಹೂವನ್ನು ಬಿಗಿ ಚೀಲದಲ್ಲಿ ಹಾಕಿ ಒಂದು ವಾರ ಫ್ರೀಜರಿನಲ್ಲಿಟ್ಟರೆ ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರತೆಗೆದ ಮೇಲೆ ಚೀಲ ಪೂರ್ತಿ ಬೆಚ್ಚಗಾಗುವ ತನಕ ಬಿಚ್ಚಬೇಡಿ, ಇಲ್ಲದಿದ್ದರೆ ನೀರು ಕೂರುತ್ತದೆ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬಟ್ಟಲು ಕೈಗೆ ಸಿಗದಷ್ಟು ಎತ್ತರದಲ್ಲಿರಲಿ. ಕರ್ಪೂರವನ್ನಂತೂ ಇದಕ್ಕೆ ಸೇರಿಸಲೇಬೇಡಿ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಫಿಟ್ಸ್ ಬರಬಹುದು. ಬೆಕ್ಕು ಸಾಕಿದವರು ಎಣ್ಣೆಯನ್ನು ಪೂರ್ತಿ ಬಿಡಿ, ಅದರ ಲಿವರ್‌ಗೆ ಇಂಥ ಎಣ್ಣೆ ಅರಗಿಸುವ ಶಕ್ತಿ ಇಲ್ಲ. ದಮ್ಮು ಇರುವವರ ಕೋಣೆಯಲ್ಲಿ ಇದನ್ನು ಇಡಬೇಡಿ.

ಹಿಚುಕಿದರೂ ಘಮ ಬಾರದೆ ಹೋದಾಗ ಆ ಬಟ್ಟಲಿನ ಆಯಸ್ಸು ಮುಗಿಯಿತು. ಎಣ್ಣೆ ಹಾಕಿರದಿದ್ದರೆ ಲೋಬಾನದ ಚೂರು ಆರಿಸಿ ತೆಗೆದು, ಉಳಿದದ್ದನ್ನು ಬಾಲ್ಕನಿಯ ಕುಂಡದ ಮಣ್ಣಿಗೆ ಬೆರೆಸಿ. ಲಾವಂಚ ಎಸೆಯಬೇಡಿ, ತೊಳೆದು ಒಣಗಿಸಿ ಮುಂದಿನ ಬಾಟಲಿಗೆ ಹೊಸದರ ಜೊತೆ ಸೇರಿಸಿಕೊಳ್ಳಿ.