ಟೈಪ್ ಮಾಡಿ ಅಳಿಸಿದ್ದನ್ನು ಹುಡುಕಿಕೊಂಡು ಹೋದೆ

ಸಂಶೋಧನೆಯ ಮೊದಲ ವರ್ಷ ನಾನು ಬರೀ ಎಣಿಸಿದೆ. ಸೋಷಿಯಲ್ ಮೀಡಿಯಾದಲ್ಲಿ ಜನ ತಮ್ಮನ್ನು ಹೇಗೆ ತೋರಿಸಿಕೊಳ್ಳುತ್ತಾರೆ ಅನ್ನೋದು ನನ್ನ ವಿಷಯ. ಎಲ್ಲರಿಗೂ ಕಾಣುವ ಸಾವಿರಾರು ಪೋಸ್ಟ್‌ಗಳನ್ನು ಇಳಿಸಿಕೊಂಡೆ. ಎಷ್ಟು ಹೊತ್ತಿಗೆ ಹಾಕಿದರು, ಎಷ್ಟು ಲೈಕ್ ಬಂತು, ಡಿಪಿ ಎಷ್ಟು ಸಲ ಬದಲಾಯಿತು, ಎಲ್ಲ ಲೆಕ್ಕ. ಬಣ್ಣಬಣ್ಣದ ಚಾರ್ಟ್‌ಗಳೂ ತಯಾರಾದವು. ಗೈಡ್ ಮೇಡಂ ನಿಧಾನವಾಗಿ ಪುಟ ತಿರುಗಿಸಿ, "ಇದು ಅಕೌಂಟ್‌ಗಳ ಕಥೆ ಆಯ್ತು. ಇದರಲ್ಲಿ ಮನುಷ್ಯರು ಎಲ್ಲಿದ್ದಾರೆ?" ಅಂದರು.

ಬೇಜಾರಾಯ್ತು. ಆದರೆ ಒಂದು ವಾರದಲ್ಲೇ ಅವರ ಮಾತು ಸರಿ ಅಂತ ಗೊತ್ತಾಯ್ತು. ನನ್ನ ಶೀಟ್‌ನಲ್ಲಿ ಒಂದು ಸಾಲು ಅಂದರೆ ಒಬ್ಬ ವ್ಯಕ್ತಿ. ಒಂದು ಅಕೌಂಟ್ ಕುತೂಹಲ ಹುಟ್ಟಿಸಿತ್ತು, ಬೆಳಿಗ್ಗೆ ಒಂದು ಧಾಟಿ, ರಾತ್ರಿ ಇನ್ನೊಂದು. ‘ಬಹುಮುಖಿ ಗುರುತು’ ಅಂತ ದೊಡ್ಡದಾಗಿ ಟಿಪ್ಪಣಿ ಬೇರೆ ಬರೆದಿದ್ದೆ. ಮೆಸೇಜ್ ಮಾಡಿ ಕೇಳಿದಾಗ ಬಂದ ಉತ್ತರ, "ಇದನ್ನ ನಾವು ಅಕ್ಕ ತಂಗಿ ಇಬ್ಬರೂ ಬಳಸ್ತೀವಿ." ಅಷ್ಟೇ!

ಆ ಹೊತ್ತಿಗೆ 2013ರ ಒಂದು ಪ್ರಬಂಧ ಕೈಗೆ ಸಿಕ್ಕಿತು. ಸೌವಿಕ್ ದಾಸ್ ಮತ್ತು ಆಡಮ್ ಕ್ರೇಮರ್ ಫೇಸ್‌ಬುಕ್‌ನ 39 ಲಕ್ಷ ಬಳಕೆದಾರರನ್ನು 17 ದಿನ ಗಮನಿಸಿದ್ದರು. ಹಾಕಿದ್ದನ್ನಲ್ಲ, ಟೈಪ್ ಮಾಡಿ ಹಾಕದೇ ಬಿಟ್ಟಿದ್ದನ್ನು. ಏನು ಬರೆದಿದ್ದರು ಅಂತ ಅವರು ನೋಡಲಿಲ್ಲ. ಐದಾದರೂ ಅಕ್ಷರ ಟೈಪ್ ಆಗಿ, ಹತ್ತು ನಿಮಿಷದೊಳಗೆ ಪೋಸ್ಟ್ ಆಗದಿದ್ದರೆ ಲೆಕ್ಕಕ್ಕೆ ತಗೊಂಡರು. 71% ಜನ ಒಂದಲ್ಲ ಒಂದು ಸಲ ಹಾಗೆ ಮಾಡಿದ್ದರು. ನಾನು ಇಳಿಸಿಕೊಂಡ ಸಾವಿರಾರು ಪೋಸ್ಟ್‌ಗಳಲ್ಲಿ ಇದರ ಸುಳಿವೇ ಇರಲಿಲ್ಲ. ಇರೋದಕ್ಕೆ ಸಾಧ್ಯವೂ ಇಲ್ಲ, ಅಲ್ವಾ?

ಅಳಿಸಿದ್ದು ಸಿಗೋದು ಅಳಿಸಿದವರ ಹತ್ತಿರ ಮಾತ್ರ. ಹಾಗಾಗಿ ಪಕ್ಕದಲ್ಲಿ ಕೂತು ಕೇಳೋಣ ಅಂತ ಹೊರಟೆ. ಬ್ರೇಡಿ ರಾಬರ್ಡ್ಸ್ ಮತ್ತು ಶಾನ್ ಲಿಂಕನ್ ಬಳಸಿದ ‘ಸ್ಕ್ರೋಲ್ ಬ್ಯಾಕ್’ ಅನ್ನೋ ವಿಧಾನ ಇದಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸಂಶೋಧಕ ಮತ್ತು ಅಕೌಂಟ್‌ನವರು ಒಟ್ಟಿಗೆ ಕೂತು ಹಳೆಯ ಪೋಸ್ಟ್‌ಗಳನ್ನು ವರ್ಷಗಟ್ಟಲೆ ಹಿಂದಕ್ಕೆ ನೋಡುತ್ತಾ ಹೋಗೋದು. ನಿಲ್ಲಿಸೋದು, ಮುಂದೆ ಹೋಗೋದು ಅವರಿಷ್ಟ.

ಮೊದಲ ಸಂದರ್ಶನದಲ್ಲೇ ಎಡವಿದೆ. ಫೋನು ನನ್ನ ಕೈಯಲ್ಲಿತ್ತು. ಮೇಲಿಂದ ಒಂದು ಮೆಸೇಜ್ ಇಳಿದು ಬಂತು. ಕಣ್ಣು ತಿರುಗಿಸೋದರೊಳಗೆ ಓದಿಯಾಗಿತ್ತು. ಅವರ ಮುಖ ಸಣ್ಣದಾಯ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೆ ನಿಜ, ಆದರೆ ಮೆಸೇಜ್ ಕಳಿಸಿದ ಆ ಇನ್ನೊಬ್ಬರ ಒಪ್ಪಿಗೆ ಯಾರ ಹತ್ತಿರ ಇತ್ತು? ಅವತ್ತಿಂದ ಫೋನು ಅವರ ಕೈಯಲ್ಲೇ. ‘ಡು ನಾಟ್ ಡಿಸ್ಟರ್ಬ್’ ಹಾಕಿದ ಮೇಲೇ ಮಾತು.

ಪ್ರಶ್ನೆ ಕೇಳೋದನ್ನೂ ಕಲಿಯಬೇಕಾಯ್ತು. "ಇದನ್ನ ಯಾಕೆ ಹಾಕಿದ್ರಿ?" ಅಂದರೆ ಎಲ್ಲರೂ ಹೇಳೋದು ಒಂದೇ, "ಸುಮ್ನೆ." "ಹಾಕುವಾಗ ಯಾರ ಮುಖ ಕಣ್ಣ ಮುಂದೆ ಬಂತು?" ಅಂತ ಕೇಳಲು ಶುರು ಮಾಡಿದೆ. ಆಗ ಮಾತು ಬಂತು. ಹಳೇ ಕ್ಲಾಸ್‌ಮೇಟ್, ಬಾಸ್, ಚಿಕ್ಕಮ್ಮ, ಮಾತು ಬಿಟ್ಟ ಗೆಳತಿ. ಮನೆಯಲ್ಲಿ ಒಂದು ಥರ, ಕೆಲಸದ ಜಾಗದಲ್ಲಿ ಇನ್ನೊಂದು ಥರ ಇರೋದು ಹೊಸದೇನಲ್ಲ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ಇದನ್ನು ನಾಟಕದ ರಂಗಕ್ಕೆ ಹೋಲಿಸಿ ಬರೆದಿದ್ದ. ತೊಂದರೆ ಏನಂದರೆ ಇಲ್ಲಿ ಬಾಸ್‌ಗೂ ಚಿಕ್ಕಮ್ಮನಿಗೂ ಒಂದೇ ರಂಗ, ಒಂದೇ ಪ್ರವೇಶ. ಇದಕ್ಕೆ ‘ಕಾಂಟೆಕ್ಸ್ಟ್ ಕೊಲ್ಯಾಪ್ಸ್’ ಅಂತಾರೆ. ಆಲಿಸ್ ಮಾರ್ವಿಕ್ ಮತ್ತು ಡೇನಾ ಬಾಯ್ಡ್ ಟ್ವಿಟರ್ ಬಳಸುವವರ ಬಗ್ಗೆ ಬರೆದದ್ದನ್ನು ಓದುವಾಗ ನನಗೆ ಇದು ಪುಸ್ತಕದ ಮಾತು ಅನಿಸಿತ್ತು. ಎದುರಿಗೆ ಕೂತವರು, "ಒಂದು ಜೋಕ್ ಬರೆದು ನಾಲ್ಕು ಸಲ ತಿದ್ದಿದೆ. ಕೊನೆಗೆ ಜೋಕೇ ಉಳೀಲಿಲ್ಲ, ಅಳಿಸಿಬಿಟ್ಟೆ" ಅಂದಾಗ ಅರ್ಥವಾಯ್ತು.

ಯಾರು ನೋಡುತ್ತಾರೆ ಅನ್ನೋ ಅಂದಾಜೂ ಬಹಳ ತಪ್ಪಿರುತ್ತೆ. 2013ರಲ್ಲೇ ಮೈಕೆಲ್ ಬರ್ನ್‌ಸ್ಟೀನ್ ಮತ್ತು ಸಂಗಡಿಗರು ಫೇಸ್‌ಬುಕ್‌ನಲ್ಲಿ ಇದನ್ನು ಅಳೆದಿದ್ದರು. ನಿಜವಾಗಿ ನೋಡಿದವರ 27% ಮಾತ್ರ ನೋಡಿರಬಹುದು ಅಂತ ಜನ ಅಂದುಕೊಳ್ಳುತ್ತಿದ್ದರು. ನನ್ನ ಮುಂದೆಯೇ ಒಬ್ಬರು, "ಅವಳು ನನ್ನದೇನೂ ನೋಡಲ್ಲ ಬಿಡಿ" ಅಂದು, ಹಿಂದಿನ ದಿನದ ಸ್ಟೋರಿ ತೆಗೆದರು. ನೋಡಿದವರ ಪಟ್ಟಿಯಲ್ಲಿ ಮೇಲಿಂದ ಎರಡನೇ ಹೆಸರೇ ಆಕೆಯದು. ಆಮೇಲೆ ಅರ್ಧ ಗಂಟೆ ಸಂದರ್ಶನ ನಡೆಯಲೇ ಇಲ್ಲ. ನಾನೂ ಒತ್ತಾಯ ಮಾಡಲಿಲ್ಲ.

ಇನ್ನೊಬ್ಬರಿಗೆ ಎರಡು ಅಕೌಂಟ್. ಒಂದು ಪೂರ್ತಿ ಹೆಸರಿನದು. ಇನ್ನೊಂದಕ್ಕೆ ಬೆಕ್ಕಿನ ಡಿಪಿ, ಹದಿನಾಲ್ಕೇ ಫಾಲೋವರ್ಸ್. ನಿಜವಾದ ನೀವು ಯಾವುದರಲ್ಲಿದ್ದೀರಿ ಅಂತ ಕೇಳಿ ಪೆದ್ದನಾದೆ. "ಎರಡೂ ನಾನೇ ಸರ್. ಅಲ್ಲಿ ಇಸ್ತ್ರಿ ಮಾಡಿದ ಬಟ್ಟೆ, ಇಲ್ಲಿ ಮನೆ ಬಟ್ಟೆ" ಅಂದರು. ಸ್ಕ್ರೋಲ್ ಮಾಡುತ್ತಾ ಒಂದು ಹಳೇ ಫೋಟೋ ಹತ್ತಿರ ನಿಂತರು. "ಅಯ್ಯೋ, ಇದನ್ನ ಇನ್ನೂ ಇಟ್ಟಿದ್ದೀನಾ!" ಅಂತ ನನ್ನೆದುರೇ ಡಿಲೀಟ್ ಮಾಡಿದರು. ನಾನು ಬಂದು ಕೂರದಿದ್ದರೆ ಆ ಫೋಟೋ ಇರುತ್ತಿತ್ತು. ಬರೆದುಕೊಳ್ಳಲೋ ಬೇಡವೋ ಅಂತ ಅವರನ್ನೇ ಕೇಳಿದೆ. "ಅಳಿಸಿದೆ ಅಂತ ಬರ್ಕೊಳ್ಳಿ. ಏನಿತ್ತು ಅಂತ ಬೇಡ." ಹಾಗೇ ಬರೆದೆ.

ಎಲ್ಲ ಮುಗಿದು ಅಧ್ಯಾಯ ಬರೆಯುವಾಗ ಪೋಸ್ಟ್‌ಗಳ ಸಾಲುಗಳನ್ನು ಇದ್ದ ಹಾಗೇ ಹಾಕಿದ್ದೆ. ಹೆಸರಿನ ಬದಲು ನಂಬರ್ ಕೊಟ್ಟರೆ ಸಾಕು ಅಂದುಕೊಂಡಿದ್ದೆ. ಸಂಶೋಧಕರು ಹೆಸರು ತೆಗೆದು ಬಿಡುಗಡೆ ಮಾಡಿದ ಫೇಸ್‌ಬುಕ್ ಡೇಟಾ ಹಾರ್ವರ್ಡ್ ವಿದ್ಯಾರ್ಥಿಗಳದ್ದು ಅಂತ 2008ರಲ್ಲಿ ಬೇಗನೇ ಬಯಲಾಗಿತ್ತು. ಅದನ್ನು ಓದಿಯೂ ನನಗೆ ಬುದ್ಧಿ ಬಂದಿರಲಿಲ್ಲ. ಒಂದು ರಾತ್ರಿ ಸುಮ್ನೆ ಒಂದು ಸಾಲನ್ನು ಸರ್ಚ್‌ನಲ್ಲಿ ಹಾಕಿ ನೋಡಿದೆ. ಮೊದಲ ಉತ್ತರವೇ ಅವರ ಪ್ರೊಫೈಲ್. ಮಾರನೇ ದಿನದಿಂದ ಒಂದೊಂದು ಸಾಲನ್ನೂ ಅರ್ಥ ಕೆಡದ ಹಾಗೆ ಬೇರೆ ಮಾತಲ್ಲಿ ಬರೆಯೋದು, ಮತ್ತೆ ಸರ್ಚ್ ಮಾಡೋದು. ಮೂರು ವಾರ ಹಿಡಿಯಿತು. ಎರಡು ಸಾಲು ಮಾತ್ರ ಹೇಗೆ ಬರೆದರೂ ಅದೇ ಅಕೌಂಟಿಗೆ ಹೋಗಿ ನಿಲ್ಲುತ್ತಿದ್ದವು. ಇಡೀ ಅಧ್ಯಾಯದಲ್ಲಿ ನನಗೆ ಜಾಸ್ತಿ ಇಷ್ಟವಾಗಿದ್ದ ಸಾಲುಗಳು ಅವು. ಅಳಿಸಿದೆ.