ಯಾದಗಿರಿಯಿಂದ ಬೀದರಿಗೆ ನೆರಳು ಹಿಡಿದು ಭೂಮಿ ಅಳೆಯೋದು ಹೇಗೆ

ಭೂಮಿಯ ಸುತ್ತಳತೆ ಎಷ್ಟು ಅಂತ ಫೋನನ್ನು ಕೇಳಿದರೆ ತಕ್ಷಣ ಹೇಳುತ್ತೆ: ಧ್ರುವಗಳ ಮೇಲೆ ಹಾದು ಸುತ್ತಿದರೆ ಸುಮಾರು 40,008 ಕಿ.ಮೀ. ಮತ್ತೆ ಅಳೆಯೋದು ಯಾಕೆ? ಉತ್ತರ ಗೊತ್ತಿದೆಯಲ್ಲ, ಅದಕ್ಕೇ. ನಮ್ಮ ಅಳತೆ ಎಲ್ಲಿ ಎಷ್ಟು ತಪ್ಪುತ್ತೆ ಅನ್ನೋದು ಗೊತ್ತಿರುವ ಉತ್ತರದ ಪಕ್ಕ ಇಟ್ಟಾಗಲೇ ಕಾಣೋದು.

ನಮ್ಮ ಮೂರು ಊರು ಇದಕ್ಕೆ ಚೆನ್ನಾಗಿ ಒದಗುತ್ತವೆ. ಯಾದಗಿರಿ 16.77 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಕಲಬುರಗಿ 17.33, ಬೀದರ್ 17.91. ಮೂರೂ ಕಡೆ ಒಬ್ಬೊಬ್ಬ ಗೆಳೆಯರು, ಒಂದೊಂದು ಮೀಟರ್ ಉದ್ದದ ಕೋಲು, ಒಂದು ತೂಕದ ಗುಂಡು, ಒಂದು ನೋಟ್‌ಬುಕ್ ಇದ್ದರೆ ಸಾಕು. ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕ್ ವಿದ್ವಾಂಸ ಎರಟೋಸ್ತನೀಸ್ ಮಾಡಿದ್ದೂ ಇದನ್ನೇ. ಈಜಿಪ್ಟಿನ ಸಯೀನ್ ಮತ್ತು ಅಲೆಕ್ಸಾಂಡ್ರಿಯಾದ ಮಧ್ಯಾಹ್ನದ ಬಿಸಿಲು ಹೋಲಿಸಿ, ಎರಡರ ನಡುವೆ ವೃತ್ತದ ಐವತ್ತನೇ ಒಂದು ಭಾಗದಷ್ಟು, ಅಂದರೆ 7.2 ಡಿಗ್ರಿ, ವ್ಯತ್ಯಾಸ ಅಂತ ಲೆಕ್ಕ ಹಾಕಿದ. ಭೂಮಿ ದುಂಡಗಿರೋದರಿಂದ ಉತ್ತರಕ್ಕೆ ಹೋದಷ್ಟೂ ಬಿಸಿಲಿನ ಕೋನ ಬದಲಾಗುತ್ತೆ. ಆ ವ್ಯತ್ಯಾಸ 360 ಡಿಗ್ರಿಯ ಎಷ್ಟನೇ ಭಾಗವೋ, ಉತ್ತರಕ್ಕೆ ಹೋದ ದೂರ ಭೂಮಿಯ ಸುತ್ತಳತೆಯ ಅಷ್ಟನೇ ಭಾಗ. ನಮಗೆ ಸಿಗೋದು ಬರೀ 1.14 ಡಿಗ್ರಿ. ಹಾಗಾಗಿ ಅವನಿಗಿಂತ ನಾವೇ ಜಾಸ್ತಿ ಹುಷಾರಾಗಿರಬೇಕು.

ಮೊದಲು ದಿನ ಆರಿಸಿಕೊಳ್ಳಿ. ಡಿಸೆಂಬರ್ 22ರ ಆಸುಪಾಸು ಒಳ್ಳೆಯದು. ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತೆ, ಬಿಸಿಲೂ ಸುಡಲ್ಲ, ಆದರೆ ಅಸಲಿ ಕಾರಣ ಬೇರೆ. ಸೂರ್ಯ ದಕ್ಷಿಣದ ಕೊನೆಗೆ ಹೋಗಿ ತಿರುಗುವ ಹೊತ್ತದು, ಆ ದಿನಗಳಲ್ಲಿ ಅವನ ಜಾಗ ಹೆಚ್ಚುಕಡಿಮೆ ಬದಲಾಗೋದೇ ಇಲ್ಲ, ಆದ್ದರಿಂದ ಬೀದರಿನಲ್ಲಿ ಮೋಡ ಕವಿದು ಮೂರು ದಿನ ತಡವಾಗಿ ಅಳೆದರೂ ದೊಡ್ಡ ಮೋಸವಿಲ್ಲ. ಮಾರ್ಚ್‌ನಲ್ಲಿ ಹೀಗೆ ಮಾಡಿದರೆ ಕೆಟ್ಟಿತು, ಆಗ ಒಂದೇ ದಿನಕ್ಕೆ 0.4 ಡಿಗ್ರಿ ಸರಿಯುತ್ತಾನೆ.

ಈಗ ಕೋಲು ನಿಲ್ಲಿಸೋದು. ಇಲ್ಲೇ ಜಾಸ್ತಿ ಜನ ಸೋಲೋದು. ಮೀಟರ್ ಕೋಲಿನ ತುದಿ ಉತ್ತರಕ್ಕೋ ದಕ್ಷಿಣಕ್ಕೋ ಒಂದು ಡಿಗ್ರಿ ವಾಲಿದರೆ, ಅಂದರೆ 1.7 ಸೆಂ.ಮೀ. ಆಚೀಚೆ ಆದರೆ, ಮುಗೀತು. ನಾವು ಅಳೆಯಲು ಹೊರಟ ಪೂರ್ತಿ ವ್ಯತ್ಯಾಸವೇ 1.14 ಡಿಗ್ರಿ. ಗೌಂಡಿಯವರು ಗೋಡೆ ನೆಟ್ಟಗಿದೆಯಾ ಅಂತ ನೋಡಲು ಬಿಡುವ ತೂಕದ ಗುಂಡನ್ನೇ ಕೋಲಿನ ಎರಡು ಪಕ್ಕದಲ್ಲಿ ಇಳಿಬಿಟ್ಟು ನೋಡಿ. ಗಾಳಿ ಇದ್ದರೆ ಗುಂಡನ್ನು ನೀರಿನ ಬಕೆಟ್‌ನಲ್ಲಿ ಮುಳುಗಿಸಿ, ಅಲುಗಾಟ ನಿಲ್ಲುತ್ತೆ.

ನೆಲವೂ ಸಮ ಇರಬೇಕು. ಮಾಳಿಗೆ ಮೇಲೆ ಮಾಡೋಣ ಅಂತ ಎಲ್ಲರಿಗೂ ಅನ್ಸುತ್ತೆ, ಆದರೆ ಮಳೆನೀರು ಹರಿಯಲಿ ಅಂತ ಮಾಳಿಗೆಗೆ ವಾಟ ಕೊಟ್ಟಿರುತ್ತಾರೆ, ಕಣ್ಣಿಗೆ ಕಾಣದಿದ್ದರೂ ನೆರಳಿಗೆ ಗೊತ್ತಾಗುತ್ತೆ. ಒಂದು ಅಗಲವಾದ ಶಹಾಬಾದ್ ಕಲ್ಲು ತಂದು ಹಾಸಿ, ರಸಮಟ್ಟ ಇಟ್ಟು, ಅಡಿಗೆ ಮರಳು ಸೇರಿಸುತ್ತಾ ಮಟ್ಟ ಮಾಡಿ. ರಸಮಟ್ಟವನ್ನು ಒಮ್ಮೆ ಹಿಂದುಮುಂದು ತಿರುಗಿಸಿಯೂ ನೋಡಿ. ಗುಳ್ಳೆ ಎರಡು ಸಲವೂ ಒಂದೇ ಜಾಗದಲ್ಲಿ ನಿಲ್ಲದಿದ್ದರೆ ತಪ್ಪು ಕಲ್ಲಿನದಲ್ಲ, ರಸಮಟ್ಟದ್ದು.

ಮಧ್ಯಾಹ್ನ ಅಂದರೆ ಗಡಿಯಾರದ 12 ಅಲ್ಲ. ನಮ್ಮ ದೇಶದ ಸಮಯ 82.5 ಡಿಗ್ರಿ ರೇಖಾಂಶದ್ದು, ಕಲಬುರಗಿ ಇರೋದು 76.83ರಲ್ಲಿ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಸೂರ್ಯ ಇಲ್ಲಿ ಅತಿ ಎತ್ತರಕ್ಕೆ ಬರೋದು 12 ಗಂಟೆ 20 ನಿಮಿಷ ದಾಟಿದ ಮೇಲೆ. 12:05ರಿಂದ 12:40ರವರೆಗೆ ಎರಡೆರಡು ನಿಮಿಷಕ್ಕೆ ಗುರುತು ಹಾಕುತ್ತಾ ಹೋಗಿ, ಎಲ್ಲಕ್ಕಿಂತ ಗಿಡ್ಡ ನೆರಳನ್ನು ತಗೊಳ್ಳಿ.

ಗುರುತು ಹಾಕಲು ಬಗ್ಗಿದಾಗ ಒಂದು ತಮಾಷೆ ಕಾಣುತ್ತೆ. ನೆರಳಿಗೆ ತುದಿಯೇ ಇರಲ್ಲ! ಕಪ್ಪು ನಿಧಾನವಾಗಿ ಬೂದು ಆಗಿ, ಬೂದು ಬಿಸಿಲಲ್ಲಿ ಕರಗಿ ಹೋಗುತ್ತೆ. ಸೂರ್ಯ ಚುಕ್ಕಿ ಅಲ್ಲವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಡಿಸೆಂಬರ್ ಮಧ್ಯಾಹ್ನ ಮೀಟರ್ ಕೋಲಿಗೆ ಆ ಮಸುಕು ಪಟ್ಟಿಯೇ ಒಂದೂವರೆ ಸೆಂಟಿಮೀಟರ್ ಬರುತ್ತೆ. ಒಬ್ಬರು ಕಪ್ಪು ಮುಗಿದಲ್ಲಿ ಗೆರೆ ಎಳೀತಾರೆ, ಇನ್ನೊಬ್ಬರು ಬೂದು ಮುಗಿದಲ್ಲಿ, ಇಬ್ಬರೂ ಸರಿ, ಲೆಕ್ಕ ಮಾತ್ರ ಹಾಳು. 13ನೇ ಶತಮಾನದಲ್ಲಿ ಚೀನಾದ ಗುವೋ ಶೌಜಿಂಗ್‌ಗೆ ಇದೇ ತಲೆನೋವು ಇನ್ನೂ ದೊಡ್ಡದಾಗಿ ಬಂದಿತ್ತು, ಯಾಕೆಂದರೆ ಅವನ ನೆರಳುಗಂಬ ಸುಮಾರು 10 ಮೀಟರ್ ಎತ್ತರದ್ದು. ಅವನು ಸಣ್ಣ ತೂತಿನ ತಗಡು ಹಿಡಿದು ಸೂರ್ಯನ ಬಿಂಬವನ್ನೇ ನೆಲಕ್ಕೆ ಇಳಿಸಿದ. ನೀವೂ ಕೋಲಿನ ತುದಿಗೆ ಸೂಜಿತೂತಿನ ರಟ್ಟು ಅಂಟಿಸಿ, ತೂತು ನೆಲದಿಂದ ಸರಿಯಾಗಿ ಒಂದು ಮೀಟರ್ ಮೇಲಿರಲಿ. ರಟ್ಟಿನ ನೆರಳಿನ ನಡುವೆ ಮೊಟ್ಟೆಯಾಕಾರದ ಬೆಳಕು ಬೀಳುತ್ತೆ, ಅದರ ನಡುಮಧ್ಯಕ್ಕೆ ಪೆನ್ಸಿಲ್ ಚುಕ್ಕಿ ಇಡಿ. ದೂರ ಅಳೆಯೋದು ತೂತಿನ ನೇರ ಕೆಳಗಿನ ಬಿಂದುವಿನಿಂದ, ಕೋಲಿನ ಬುಡದಿಂದ ಅಲ್ಲ.

ಯಾದಗಿರಿಯಲ್ಲಿ 84.5 ಸೆಂ.ಮೀ., ಬೀದರಿನಲ್ಲಿ 88.0 ಸೆಂ.ಮೀ. ಬಂತು ಅಂದುಕೊಳ್ಳಿ. ಎತ್ತರದಿಂದ ಭಾಗಿಸಿ ಕ್ಯಾಲ್ಕುಲೇಟರ್‌ನಲ್ಲಿ ಟ್ಯಾನ್ ಇನ್ವರ್ಸ್ ಒತ್ತಿದರೆ 40.20 ಮತ್ತು 41.35 ಡಿಗ್ರಿ. ವ್ಯತ್ಯಾಸ 1.15. ಕಲಬುರಗಿಯ ನೆರಳು ಇವೆರಡರ ನಡುವೆ, 86.2ರ ಹತ್ತಿರ ಬರಬೇಕು. ಬರದಿದ್ದರೆ ಯಾರದೋ ಕೋಲು ವಾಲಿದೆ. ಮೂರನೇ ಊರು ಬೇಕಾಗಿರೋದೇ ಇದಕ್ಕೆ.

ಇನ್ನು ದೂರ. ಕಲಬುರಗಿ–ಬೀದರ್ ರೈಲು ದಾರಿ 110 ಕಿ.ಮೀ. ಇದೆ ಅಂತ ಅದನ್ನೇ ಆ ಎರಡೂರಿನ ನಡುವಿನ 0.58 ಡಿಗ್ರಿಯ ಲೆಕ್ಕಕ್ಕೆ ಹಾಕಿದರೆ ಭೂಮಿ 68,000 ಕಿ.ಮೀ. ಸುತ್ತಳತೆಗೆ ಉಬ್ಬುತ್ತೆ. ಬೀದರ್ ಇರೋದು ಈಶಾನ್ಯಕ್ಕೆ, ನಮಗೆ ಬೇಕಿರೋದು ಉತ್ತರಕ್ಕೆ ಹೋದಷ್ಟು ಮಾತ್ರ, ಅದು ಸುಮಾರು 64. ಯಾದಗಿರಿಯಿಂದ ಕಲಬುರಗಿಗೆ 62. ಒಟ್ಟು 126 ಕಿ.ಮೀ.

ಈ 126 ಎಲ್ಲಿಂದ ಬಂತು ಅಂತ ಇಲ್ಲಿ ಕೇಳಿಕೊಳ್ಳಲೇಬೇಕು. ಅಕ್ಷಾಂಶದ ವ್ಯತ್ಯಾಸವನ್ನು 111ರಿಂದ ಗುಣಿಸಿ ತೆಗೆದರೆ ಅದು ಕಳ್ಳಲೆಕ್ಕ. ಡಿಗ್ರಿಗೆ 111 ಕಿ.ಮೀ. ಅನ್ನೋದು ಭೂಮಿಯ ಅಳತೆ ಮೊದಲೇ ಗೊತ್ತಿದ್ದವರ ಮಾತು. ಫೋನಿನ ಮ್ಯಾಪೂ ಅಷ್ಟೆ, ಅದರ ಹೊಟ್ಟೆಯಲ್ಲಿ ಭೂಮಿಯ ಗಾತ್ರ ಮೊದಲೇ ಕೂತಿದೆ. ಹಾಗಿದ್ದರೆ ಯಾರೋ ಒಬ್ಬರು ಎಲ್ಲೋ ಒಂದು ಕಡೆ ನೆಲದ ಮೇಲೆ ನಿಜವಾಗಿ ಸರಪಳಿ ಹಾಸಿ ಅಳೆದಿರಲೇಬೇಕು, ಅಲ್ವಾ?

ಹೌದು, ಅಳೆದರು, ಅದೂ ಬೀದರ್ ಹತ್ತಿರವೇ. ಬ್ರಿಟಿಷ್ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ 1802ರಲ್ಲಿ ಮದರಾಸಿನಲ್ಲಿ ಶುರು ಮಾಡಿದ ತ್ರಿಕೋನ ಸರ್ವೆ 1815ರಲ್ಲಿ ಬೀದರ್ ಸೀಮೆಗೆ ಬಂದು, ದಾಮರಗಿದ್ದದ ಬಳಿ ಒಂದು ಬೇಸ್‌ಲೈನ್ ಅಳೆಯಿತು. ಒಂದು ನೇರ ಗೆರೆ, ಅದೊಂದನ್ನು ನೆಲದ ಮೇಲೆ ಅಳೆದರೆ ಸಾಕು. ಆಮೇಲೆ ಗುಡ್ಡದಿಂದ ಗುಡ್ಡಕ್ಕೆ ಥಿಯೋಡೊಲೈಟ್‌ನಲ್ಲಿ ಕೋನ ನೋಡುತ್ತಾ ಹೋದರೆ ಉಳಿದ ದೂರಗಳೆಲ್ಲ ಲೆಕ್ಕದಲ್ಲೇ ಸಿಗುತ್ತವೆ. ಆದರೆ ಆ ಒಂದು ಗೆರೆ ತಪ್ಪಿದರೆ ಎಲ್ಲವೂ ತಪ್ಪು. ಲ್ಯಾಂಬ್ಟನ್ ಬಳಸಿದ್ದು 100 ಅಡಿಯ ಉಕ್ಕಿನ ಸರಪಳಿ. ಉಕ್ಕು ಬಿಸಿಲಿಗೆ ಹಿಗ್ಗುತ್ತೆ, ಅದಕ್ಕೇ ಥರ್ಮಾಮೀಟರ್ ಇಟ್ಟು ಲೆಕ್ಕ ಸರಿಪಡಿಸುತ್ತಿದ್ದರು. ನಮ್ಮ ಕಡೆಯ ಮೇ ತಿಂಗಳಲ್ಲಿ ನೆಲದ ಮೇಲೆ ಬಿದ್ದ 30 ಮೀಟರ್ ಉಕ್ಕಿನ ಟೇಪು 20 ಡಿಗ್ರಿಯಲ್ಲಿ ಇದ್ದದ್ದಕ್ಕಿಂತ ಸುಲಭವಾಗಿ 8–9 ಮಿ.ಮೀ. ಉದ್ದ ಆಗಿರುತ್ತೆ. 1841ರಲ್ಲಿ ಆ್ಯಂಡ್ರ್ಯೂ ವಾ ಬೀದರ್ ಬೇಸ್‌ಲೈನ್ ಮತ್ತೆ ಅಳೆದಾಗ ಸರಪಳಿ ಬಿಟ್ಟು ಕಬ್ಬಿಣ–ಹಿತ್ತಾಳೆ ಜೋಡಿಸಿದ ಪಟ್ಟಿಗಳನ್ನು ಬಳಸಿದರು. ಎರಡು ಲೋಹ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆ ವ್ಯತ್ಯಾಸವನ್ನೇ ಉಪಯೋಗಿಸಿ ತುದಿಯ ಗುರುತುಗಳ ನಡುವಿನ ದೂರ ಬದಲಾಗದಂತೆ ಮಾಡಿದ ಉಪಾಯ ಅದು. ನೂರಾರು ಮೈಲಿ ಉತ್ತರದ ಸಿರೋಂಜ್ ಬೇಸ್‌ಲೈನಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿ ಬಂದ ಉದ್ದಕ್ಕೂ ಇಲ್ಲಿ ಅಳೆದ ಉದ್ದಕ್ಕೂ ಕೆಲವೇ ಇಂಚು ವ್ಯತ್ಯಾಸ!

ಹಾಗಾಗಿ ನೀವು ಸರ್ವೆ ಇಲಾಖೆಯ ನಕ್ಷೆ, ಅಂದರೆ ಟೋಪೋಶೀಟ್, ತಗೊಂಡು ಸ್ಕೇಲ್ ಇಟ್ಟು ಅಳೆಯಿರಿ. 1 ಸೆಂ.ಮೀ.ಗೆ 2.5 ಕಿ.ಮೀ. ಇರುವ ನಕ್ಷೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ನಷ್ಟ ಕಾಲು ಕಿಲೋಮೀಟರ್ ಅಷ್ಟೆ. ದೂರದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಶ್ರಮವನ್ನೆಲ್ಲ ನೆರಳಿಗೆ ಸುರಿಯಿರಿ. 126ನ್ನು 360ರಿಂದ ಗುಣಿಸಿ 1.15ರಿಂದ ಭಾಗಿಸಿದರೆ ಸುಮಾರು 39,400 ಕಿ.ಮೀ. ಎರಡೂ ಊರಲ್ಲಿ ನೆರಳು ಎರಡೆರಡು ಮಿ.ಮೀ. ತಪ್ಪಿದ್ದರೆ? ಆಗ ಉತ್ತರ 35,000ದಿಂದ 44,500ರ ನಡುವೆ ಎಲ್ಲಿ ಬೇಕಾದರೂ ಇರಬಹುದು. ಈ ಎರಡು ಅಂಕಿಯನ್ನೂ ಬರೆದಿಡಿ. ಬರೀ 39,400 ಅಂತ ಬರೆದರೆ ಅದು ಅಳತೆಯೇ ಅಲ್ಲ, ಅದೃಷ್ಟ.

ಹತ್ತು ಸಲ ಅಳೆದು ಸರಾಸರಿ ತಗೊಂಡರೆ ಕೈನಡುಕದ ತಪ್ಪು ಇಳಿಯುತ್ತೆ, ನಿಜ. ವಾಲಿದ ಕೋಲು ಹತ್ತನೇ ಸಲವೂ ವಾಲೇ ಇರುತ್ತೆ. ಅದಕ್ಕೆ ಕೋಲನ್ನು ಅರ್ಧ ಸುತ್ತು ತಿರುಗಿಸಿ ಮರುದಿನ ಮತ್ತೆ ಅಳೆಯಿರಿ, ಸಾಧ್ಯವಾದರೆ ಬೀದರಿನ ಕೋಲು ಯಾದಗಿರಿಗೆ, ಯಾದಗಿರಿಯದು ಬೀದರಿಗೆ ಕಳಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಸ್ವಲ್ಪ ವ್ಯತ್ಯಾಸ ಉಳಿಯುತ್ತೆ. ಅದನ್ನು ಒರೆಸಬೇಡಿ. ಲ್ಯಾಂಬ್ಟನ್ ನಂತರ ಅದೇ ಸರ್ವೆ ನಡೆಸಿದ ಜಾರ್ಜ್ ಎವರೆಸ್ಟ್‌ಗೂ ಉಳಿದಿತ್ತು. ಉತ್ತರದ ಕಲಿಯಾನಾ ಮತ್ತು ಮಧ್ಯಭಾರತದ ಕಲಿಯಾನ್‌ಪುರದ ಅಕ್ಷಾಂಶ ವ್ಯತ್ಯಾಸ ತ್ರಿಕೋನಗಳಿಂದ ಒಂದು ಬಂತು, ನಕ್ಷತ್ರ ನೋಡಿದರೆ ಇನ್ನೊಂದು. ನಡುವೆ 5.236 ಸೆಕೆಂಡು, ಅಂದರೆ ಒಂದು ಡಿಗ್ರಿಯ ಏಳುನೂರನೇ ಒಂದು ಭಾಗಕ್ಕಿಂತ ಚೂರು ಜಾಸ್ತಿ. ನೆಲದ ಮೇಲೆ ಸುಮಾರು 160 ಮೀಟರ್. ಎವರೆಸ್ಟ್ ಅದನ್ನು ಸರ್ವೆಯ ತಪ್ಪು ಅಂತ ತಿಳಿದು ಹಂಚಿಬಿಟ್ಟರು. ಕಲ್ಕತ್ತೆಯ ಪಾದ್ರಿ, ಗಣಿತಜ್ಞ ಜಾನ್ ಪ್ರಾಟ್ ಒಪ್ಪಲಿಲ್ಲ. ನಕ್ಷತ್ರ ನೋಡುವಾಗ ನೆಟ್ಟಗಿನ ದಿಕ್ಕು ತೋರಿಸುವ ತೂಕದ ಗುಂಡನ್ನು ಹಿಮಾಲಯ ತನ್ನ ಕಡೆ ಎಳೆದಿದೆ ಅಂತ ಲೆಕ್ಕ ಹಾಕಿದರೆ ಬಂದದ್ದು 15.885 ಸೆಕೆಂಡು, ಬೇಕಾದ್ದಕ್ಕಿಂತ ಮೂರು ಪಟ್ಟು. ಅಷ್ಟು ದೊಡ್ಡ ಬೆಟ್ಟ ಇಷ್ಟು ಕಮ್ಮಿ ಎಳೆಯೋದು ಹೇಗೆ? 1855ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ಜಾರ್ಜ್ ಏರಿ ಉತ್ತರ ಕೊಟ್ಟರು: ಬೆಟ್ಟದ ಕೆಳಗೆ ಹಗುರ ಕಲ್ಲಿನ ಬೇರು ಆಳಕ್ಕೆ ಇಳಿದಿದೆ. ಪ್ರಾಟ್ ಆಮೇಲೆ ಬೇರೆಯದೇ ವಿವರಣೆ ಕೊಟ್ಟರು, ಆ ವಾದ ಬಹಳ ಕಾಲ ನಡೆಯಿತು. ಭೂಮಿಯ ಒಳಗಿನ ರಚನೆ ತಿಳಿಯುವ ಒಂದು ದೊಡ್ಡ ದಾರಿ ತೆರೆದದ್ದು ಆ 5 ಸೆಕೆಂಡಿನಿಂದ. ನಿಮ್ಮ ಮೀಟರ್ ಕೋಲಿಗೆ ಅದು ಕೂದಲಿಗಿಂತ ಸಣ್ಣ ವಾಲು, ಹೆದರಬೇಡಿ, ನಿಮ್ಮ ಉಳಿಕೆಗೆ ಹಿಮಾಲಯ ಕಾರಣ ಅಲ್ಲ. ಕಲ್ಲಿನ ಮಟ್ಟ ಇನ್ನೊಮ್ಮೆ ನೋಡಿ.

ಡಿಸೆಂಬರ್ ತಪ್ಪಿಹೋದರೆ ಮೇ 10ರ ಆಸುಪಾಸು ನೋಡಿ. ಮಧ್ಯಾಹ್ನ ಸೂರ್ಯ ಕಲಬುರಗಿಯ ನೆತ್ತಿಗೆ ಬರುವ ದಿನ ಅಲ್ಲಿ ಕೋಲಿಗೆ ನೆರಳೇ ಇರಲ್ಲ, ಯಾದಗಿರಿಯಲ್ಲಿ ಒಂದು ಸೆಂಟಿಮೀಟರ್ ದಕ್ಷಿಣಕ್ಕೆ, ಬೀದರಿನಲ್ಲಿ ಒಂದು ಸೆಂಟಿಮೀಟರ್ ಉತ್ತರಕ್ಕೆ ಬೀಳುತ್ತೆ. ಮೂರೂ ಕಡೆ ಅದೇ ದಿನ ಅಳೆಯಬೇಕು, ತಲೆಗೆ ಟವೆಲ್ ಕಟ್ಟಿಕೊಳ್ಳಿ, ಉಕ್ಕಿನ ಟೇಪನ್ನು ಮಾತ್ರ ನೆರಳಲ್ಲೇ ಇಡಿ.