ತಲೆಗೆ ಪೆಟ್ಟು, ಕೈ ನಡುಕ, ಮರೆವು: ವೈದ್ಯರ ಬಳಿ ಹೋಗುವ ಮುಂಚೆ ಬರೆದಿಡಬೇಕಾದದ್ದು

ಕೈ ನಡುಗಲು ಶುರುವಾದ ಮೇಲೆ ಮನೆಯವರಿಗೆ ಹಳೆಯ ಪೆಟ್ಟು ನೆನಪಾಗುತ್ತದೆ: ‘ಆವತ್ತು ಸ್ಕೂಟರಿನಿಂದ ಬಿದ್ದಿದ್ದರಲ್ಲ, ಅದರಿಂದಲೇ.’ ಇದ್ದರೂ ಇರಬಹುದು. ಅಮೆರಿಕದ ಸುಮಾರು 3,25,000 ಮಾಜಿ ಸೈನಿಕರ ದಾಖಲೆ ಆಧರಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಲೆಗೆ ಲಘು ಪೆಟ್ಟು ಬಿದ್ದವರಿಗೂ ಪಾರ್ಕಿನ್ಸನ್ (ನಡುಕ, ಬಿಗಿತ, ನಿಧಾನ ತರುವ ಮಿದುಳಿನ ರೋಗ) ಅಪಾಯ ಶೇ. 56ರಷ್ಟು ಹೆಚ್ಚು ಕಂಡಿತು. ಹಾಗೆಂದು ಗಾಬರಿ ಬೇಡ. ಆ ಇಡೀ ಗುಂಪಿನಲ್ಲಿ ರೋಗ ಬಂದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನಕ್ಕೆ.

ನೋಟ್‌ಬುಕ್ಕಿನ ಮೊದಲ ಪುಟಕ್ಕೆ ತಾರೀಖುಗಳು: ಯಾವಾಗ ಬಿದ್ದರು, ಎಷ್ಟು ಹೊತ್ತು ಪ್ರಜ್ಞೆ ಇರಲಿಲ್ಲ, ಬಿದ್ದ ಹಿಂದುಮುಂದಿನ ಎಷ್ಟು ಸಮಯ ನೆನಪಿಲ್ಲ. ನಡುಕ, ನಿಧಾನ, ಮರೆವು ಯಾವ ತಿಂಗಳಲ್ಲಿ ಕಂಡವು ಎಂಬುದನ್ನು ಬೇರೆಬೇರೆಯಾಗಿ ಬರೆಯಿರಿ. ಈ ಕ್ರಮವೇ ಮುಖ್ಯ. ಪಾರ್ಕಿನ್ಸನ್ ಪತ್ತೆಯಾಗುವ ಮುಂಚಿನ ತಿಂಗಳುಗಳಲ್ಲೇ ಸಮತೋಲ ತಪ್ಪಿ ಬೀಳುವವರಿದ್ದಾರೆ. ಅಂಥವರಲ್ಲಿ ಪೆಟ್ಟು ರೋಗದ ಫಲ, ಕಾರಣವಲ್ಲ.

ಬಿದ್ದು ಕೆಲವೇ ವಾರಗಳಾಗಿದ್ದರೆ ನೋಟ್‌ಬುಕ್ ಬದಿಗಿಡಿ. ವಯಸ್ಸಾದವರಲ್ಲಿ, ಅದರಲ್ಲೂ ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಲ್ಲಿ, ಸಣ್ಣ ಪೆಟ್ಟಿಗೂ ಮಿದುಳಿನ ಹೊದಿಕೆಯಡಿ ರಕ್ತ ಮೆಲ್ಲಗೆ ಶೇಖರವಾಗಬಹುದು. ಎರಡು-ಮೂರು ವಾರ ಏನೂ ಇಲ್ಲ. ಆಮೇಲೆ ತಲೆನೋವು, ಮಂಕು, ಕಾಲೆಳೆದ ನಡಿಗೆ. ನೋಡುವವರಿಗೆ ಇದು ಅರಳು-ಮರಳಿನಂತೆಯೇ ಕಾಣುತ್ತದೆ. ಸಿಟಿ ಸ್ಕ್ಯಾನ್ ಇದನ್ನು ತೋರಿಸುತ್ತದೆ. ಬುರುಡೆಗೆ ಸಣ್ಣ ರಂಧ್ರ ಕೊರೆದು ರಕ್ತ ತೆಗೆದರೆ ಬಹಳ ಜನ ಚೇತರಿಸಿಕೊಳ್ಳುತ್ತಾರೆ. ಮಂಪರು ಹೆಚ್ಚುತ್ತಿದ್ದರೆ, ವಾಂತಿ ಆಗುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಇನ್ನು ಮಾತ್ರೆಗಳು. ಹೆಚ್ಚಿನವರು ಎಡವುವುದು ಇಲ್ಲೇ. ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಗ್ಯಾಸ್ಟ್ರಿಕ್ ಕ್ಯಾಪ್ಸೂಲುಗಳಲ್ಲಿ ಬೆರೆತಿರುವ ಲೆವೊಸಲ್ಪಿರೈಡ್, ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮಿನ್‌ನ ಕೆಲಸಕ್ಕೆ ಅಡ್ಡಬಂದು, ಪಾರ್ಕಿನ್ಸನ್ನಿನಂಥದೇ ನಡುಕ, ಬಿಗಿತ ತರಬಲ್ಲವು. ‘ಬರೀ ಗ್ಯಾಸ್ ಮಾತ್ರೆ’ ಎಂದು ವೈದ್ಯರಿಗೆ ಹೇಳದೇ ಉಳಿಯುವುದು ಇವೇ. ಆರು ತಿಂಗಳಲ್ಲಿ ನುಂಗಿದ ಎಲ್ಲದರ ಖಾಲಿ ಸ್ಟ್ರಿಪ್ ಜೊತೆಗೊಯ್ಯಿರಿ. ನೀವಾಗಿಯೇ ನಿಲ್ಲಿಸಬೇಡಿ. ವೈದ್ಯರು ನಿಲ್ಲಿಸಿದ ಮೇಲೂ ಪೂರ್ತಿ ಇಳಿಯಲು ತಿಂಗಳುಗಳು ಹಿಡಿಯಬಹುದು.

ಮನೆಯಲ್ಲಿ ಪರೀಕ್ಷಿಸುವುದು ಹೀಗೆ. ಕೈಗಳನ್ನು ತೊಡೆಯ ಮೇಲೆ ಸಡಿಲವಾಗಿ ಇರಿಸಿಕೊಂಡು ನೂರರಿಂದ ಹಿಂದಕ್ಕೆ ಎಣಿಸಲು ಹೇಳಿ. ಗಮನ ಅತ್ತ ಹೋದಾಗ ಅಡಗಿದ್ದ ನಡುಕ ಹೊರಬರುತ್ತದೆ. ಹೆಬ್ಬೆರಳಿಗೆ ತೋರುಬೆರಳನ್ನು ಅಗಲವಾಗಿ, ಬೇಗಬೇಗ ಹತ್ತು ಸಲ ತಟ್ಟಿಸಿ: ಕೊನೆಕೊನೆಗೆ ಅಗಲ ಕುಗ್ಗುತ್ತದೆಯೇ? ತಿಂಗಳಿಗೊಮ್ಮೆ ಗೆರೆಯಿಲ್ಲದ ಹಾಳೆಯಲ್ಲಿ ಒಂದೇ ವಾಕ್ಯವನ್ನು ನಾಲ್ಕು ಸಲ ಬರೆಸಿ ತಾರೀಖು ಹಾಕಿ. ಅಕ್ಷರ ಸಾಲಿನಿಂದ ಸಾಲಿಗೆ ಚಿಕ್ಕದಾದರೆ ಹೇಳಬೇಕಾದ ಸಂಗತಿ. ನಡೆಯುವುದನ್ನು, ತಿರುಗುವುದನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ. ಒಂದು ಕೈ ಬೀಸದಿರುವುದು ವಿಡಿಯೊದಲ್ಲಿ ಎದ್ದು ಕಾಣುತ್ತದೆ.

ಐದು ನಿಮಿಷ ಮಲಗಿಸಿ ಬಿಪಿ ನೋಡಿ. ನಿಂತ ಮೇಲೆ ಒಂದನೇ, ಮೂರನೇ ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದರೆ ಬೀಳುವುದಕ್ಕೆ ಅದೂ ಕಾರಣವಿರಬಹುದು. ಕಣ್ಣುಕತ್ತಲೆ ಬಂದರೆ ತಕ್ಷಣ ಕೂರಿಸಿ.

ಮರೆವಿನಲ್ಲೂ ಬಗೆಗಳಿವೆ. ಸುಳಿವು ಕೊಟ್ಟರೆ ‘ಹೌದಲ್ಲ’ ಎಂದು ನೆನಪಾಗುವುದು, ಬ್ಯಾಂಕಿನ ಲೆಕ್ಕದಂಥ ಹಂತಹಂತದ ಕೆಲಸ ನಿಧಾನವಾಗುವುದು ಪಾರ್ಕಿನ್ಸನ್ನಿನಲ್ಲಿ ಸಾಮಾನ್ಯ. ಸುಳಿವಿಗೂ ಹೊಳೆಯದಿದ್ದರೆ ಆಲ್ಝೈಮರ್ಸ್ ಅನುಮಾನ ಏಳುತ್ತದೆ. ಇಲ್ಲದ ಜನ, ಪ್ರಾಣಿ ಕಾಣುವುದು, ಒಂದು ದಿನ ಚುರುಕು ಮರುದಿನ ಮಂಕು ಎನ್ನುವಂತಿದ್ದರೆ ಅದನ್ನೇ ಮೊದಲು ಹೇಳಿ: ಅದು ಲ್ಯೂವಿ ಬಾಡಿ ಡಿಮೆನ್ಷಿಯಾ ಎಂಬ ಇನ್ನೊಂದು ಬಗೆಯ ಮರೆವಿನ ರೋಗ ಆಗಿದ್ದರೆ, ಭ್ರಮೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಔಷಧಿ ಅಪಾಯ ತರಬಲ್ಲದು. ಬಿ12, ಥೈರಾಯ್ಡ್ ಪರೀಕ್ಷೆಯನ್ನೂ ಕೇಳಿ. ಇವೆರಡರ ಕೊರತೆಯಿಂದ ಬಂದ ಮಂಕಿಗೆ ಚಿಕಿತ್ಸೆ ಇದೆ.

ಹಳೆಯ ಸಿಟಿ, ಎಂಆರ್‌ಐ ಫಿಲ್ಮುಗಳನ್ನು ಎಸೆಯಬೇಡಿ. ಈಗಿನದರ ಪಕ್ಕ ಇಟ್ಟು ನೋಡಲು ಅವು ಬೇಕು.